ಮೂರು ಚಮಚ ಪಾದೋದಕದ ವಿಷಯದಲ್ಲಿ ನಿವೇದನೆ

ಮಾನ್ಯ ಓದುಗರ ಸನ್ನಿಧಿಗೆ,

ಈ ಬರಹದಲ್ಲಿ ಕಾಗುಣಿತದ ತಪ್ಪುಗಳಿರುವ ಸಂಭವ ಹೆಚ್ಚಾಗಿದ್ದು, ನನ್ನ ಕೈಬರಹವೂ ಅಷ್ಟೇನೂ ಚೆನ್ನಾಗಿಲ್ಲವಾದ ಕಾರಣ, ತಾವು ಓದಲು ತೊಡಗುವ ಮೊದಲೇ ಕ್ಷಮೆ ಕೋರುತ್ತೇನೆ. ನಾನು ಓದಿರುವುದು ಪಿಯುಸಿಯವರೆಗೆ ಮಾತ್ರ. ಇದಕ್ಕೂ ಹಿಂದೆ ಕಥೆಯನ್ನಾಗಲಿ ಲೇಖನವನ್ನಾಗಲಿ ಬರೆದವಳಲ್ಲ. ಭದ್ರಾವತಿಯಲ್ಲಿ ಕಾರ್ಖಾನೆಯ ವಸತಿಗೃಹಗಳ ನಮ್ಮ ಸಾಲಿನಲ್ಲಿ ಯಾರ ಮನೆಯ ನಲ್ಲಿ ಕೆಟ್ಟರೂ, ಯಾರ ಪಿಂಚಣಿ ತಡವಾದರೂ ಅರ್ಜಿ ಬರೆದುಕೊಡುತ್ತಿದ್ದವಳು ನಾನು. ಹೀಗಾಗಿ ಮನಸ್ಸಿನಲ್ಲಿರುವುದನ್ನು ಕಾಗದಕ್ಕೆ ಇಳಿಸಬೇಕೆಂದರೆ ಅರ್ಜಿಯ ರೀತಿಯೊಂದನ್ನುಳಿದು ಬೇರೆ ರೀತಿ ನನಗೆ ತಿಳಿದಿಲ್ಲ.

ವಿಷಯ: ನಮ್ಮ ಯಜಮಾನರು ಪಾರ್ಶ್ವವಾಯು ಬಡಿದ ಒಂಬತ್ತನೆಯ ದಿನ ತೀರಿಕೊಂಡುದರ ಕಾರಣಗಳ ಬಗ್ಗೆ.

ಉಲ್ಲೇಖ: ವೈದ್ಯರು ಹೇಳಿದ್ದು, ನಾನು ಕಣ್ಣಾರೆ ಕಂಡದ್ದು ಮತ್ತು ನಾನೇ ಕೈಯಾರೆ ಮಾಡಿದ್ದು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದವರು. ಮೊದಲ ಪಾಳಿ ಇರುವ ದಿನ ಬೆಳಗಿನ ಜಾವ ನಾಲ್ಕಕ್ಕೇ ಎದ್ದು, ಸ್ನಾನ ಮಾಡಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಪೂಜೆ ಮಾಡಿ, ಲಿಂಗಕ್ಕೆ ಎರೆದ ಆ ನೀರನ್ನು, ಅಂದರೆ ಪಾದೋದಕವನ್ನು, ಸೇವಿಸಿದ ಮೇಲೆಯೇ ಕಾಫಿಯ ಲೋಟ ಮುಟ್ಟುತ್ತಿದ್ದರು. ನಿವೃತ್ತಿಯಾದ ಮೇಲೂ ಈ ಕ್ರಮದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಜ್ವರ ಬಂದು ಮೂರು ದಿನ ಅನ್ನ ಬಿಟ್ಟಾಗಲೂ ಪಾದೋದಕ ಬಿಡಲಿಲ್ಲ. ಉಪವಾಸದ ದಿನ ಹನಿ ನೀರು ಕುಡಿಯದಿದ್ದರೂ ಪಾದೋದಕ ಉಂಟು. ಅದು ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ನಮಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ, ಹುಟ್ಟಿದಂದಿನಿಂದ ಹಾಗೆಯೇ ನಡೆದುಬಂದಿದೆ.

ಮನೆಯಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಅವರು ಪೂಜೆಗೆ ಕುಳಿತರೆ ಮುಗಿಸಿ ಏಳುವವರೆಗೆ ಯಾರೂ ಮಾತನಾಡಿಸಕೂಡದು, ಮುಟ್ಟಕೂಡದು. ಈ ಕಟ್ಟಳೆಯನ್ನು ಹಾಕಿದವರು ಅವರ ಅಕ್ಕ. ನಾನು ಅವರನ್ನು ಅತ್ತಿಗೆ ಎಂದು ಕರೆಯುತ್ತೇನೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ತಾಯಿಯಿಲ್ಲದ ತಮ್ಮನನ್ನು ಸಾಕಿದವರೂ ಅವರೇ, ಆ ತಮ್ಮನಿಗೆ ನನ್ನನ್ನು ನೋಡಿ ಒಪ್ಪಿದವರೂ ಅವರೇ.

ಆ ದಿನ ಯಜಮಾನರು ಐದೂವರೆಗೆ ಪೂಜೆಗೆ ಕುಳಿತರು. ನಾನು ಅಡುಗೆಮನೆಯಲ್ಲಿ ಅವಲಕ್ಕಿ ನೆನೆಹಾಕುತ್ತಿದ್ದೆ. ನಡುಮನೆಯ ಬಾಗಿಲಿನಿಂದ ಅವರ ಬೆನ್ನೂ ಬಲಗೈಯೂ ಕಾಣುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ನೋಡಿದಾಗ ಪತ್ರೆ ಏರಿಸುವ ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು, ಪತ್ರೆ ನೆಲದ ಮೇಲೆ ಚೆಲ್ಲಿತ್ತು. ಎಂದೂ ಪತ್ರೆ ಚೆಲ್ಲಿದವರಲ್ಲ. ನನಗೆ ಏನೋ ಆಗಿದೆ ಅನಿಸಿತು. ಅನಿಸಿಯೂ ನಾನು ಕೂಗಲಿಲ್ಲ. ಬಾಗಿಲ ಬಳಿ ನಿಂತು, ಧ್ಯಾನದಲ್ಲಿರಬಹುದು ಎಂದುಕೊಂಡು, ಒಲೆಯ ಹತ್ತಿರ ಹೋಗಿ, ಮತ್ತೆ ಬಂದು ನಿಂತೆ. ಹೀಗೆ ಅರ್ಧ ಗಂಟೆ ಕಳೆದಿರಬಹುದು. ಕೊನೆಗೆ ಅವರೇ ನಿಧಾನವಾಗಿ ಬಲಕ್ಕೆ ವಾಲಿ ಗೋಡೆಗೆ ಒರಗಿದರು. ಎಡಗೈಯನ್ನು ಮಾತ್ರ ಎದೆಗೆ ಒತ್ತಿ ಹಿಡಿದಿದ್ದರು. ಲಿಂಗ ಕೆಳಗೆ ಬೀಳಲಿಲ್ಲ.

"ರೀ, ಏನಾಯ್ತು ರೀ?" ಎಂದೆ. ಅವರು ನನ್ನನ್ನು ನೋಡಿದರು. ತುಟಿ ಒಂದು ಕಡೆಗೆ ಎಳೆದಿತ್ತು. ಮಾತು ಬರಲಿಲ್ಲ.

ಅತ್ತಿಗೆ ಓಡಿಬಂದವರು, "ಅಯ್ಯೋ, ಗಾಳಿ ಹೊಡ್ದಿದೆ ಕಣೇ! ಎಣ್ಣೆ ಬಿಸಿ ಮಾಡು, ಬೇಗ ಎಣ್ಣೆ ಬಿಸಿ ಮಾಡು ಮಾರಾಯ್ತಿ!" ಎಂದರು.

ನಾನು ಎಣ್ಣೆ ಬಿಸಿ ಮಾಡಿದೆ. ಕೈಕಾಲು ತಿಕ್ಕಿದೆವು. ಲಿಂಗವನ್ನು ಕರಡಿಗೆಯಲ್ಲಿಟ್ಟು ಅವರ ಕೊರಳಿಗೆ ಹಾಕಿದೆ. ಅನಂತರ ಹತ್ತಿರದ ಒಂದು ಚಿಕ್ಕ ದವಾಖಾನೆಗೆ ಆಟೋದಲ್ಲಿ ಕರೆದೊಯ್ದೆವು. ಅಲ್ಲಿ ತಲೆಯ ಸ್ಕ್ಯಾನಿಂಗ್ ಯಂತ್ರ ಇರಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಎಂದರು. ಆಂಬುಲೆನ್ಸ್ ಬರಲು ತಡವಾಯಿತು. ಮಲವಗೊಪ್ಪ ದಾಟುವಾಗ ರಸ್ತೆಯಲ್ಲಿ ಶಾಲೆಯ ಮಕ್ಕಳು ಸಾಲಾಗಿ ಹೋಗುತ್ತಿದ್ದುದನ್ನು ಕಂಡು, ಇಷ್ಟು ಹೊತ್ತಾಯಿತೇ ಎಂದು ನನಗೆ ಮೊದಲ ಬಾರಿಗೆ ಗಾಬರಿಯಾಯಿತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದವರು ಇನ್ನೂ ಮೀಸೆ ಸರಿಯಾಗಿ ಬಲಿಯದ ವೈದ್ಯರು. ಅವರು ಕೇಳಿದ ಮೊದಲ ಪ್ರಶ್ನೆ, "ಕೊನೇ ಸಲ ಅವರು ಸರಿಯಾಗಿದ್ದನ್ನ ನೋಡಿದ್ದು ಎಷ್ಟು ಗಂಟೆಗೆ?" ಎಂಬುದು.

"ಐದೂವರೆಗೆ ಸರ್. ಪೂಜೆಗೆ ಕೂತಾಗ."

"ಕೈ ಬಿದ್ದಿದ್ದು ಯಾವಾಗ ನೋಡಿದ್ರಿ?"

"ಆಮೇಲೆ ಒಂದು ಸ್ವಲ್ಪ ಹೊತ್ತಿಗೆ."

"ಆಗ್ಲೇ ಯಾಕೆ ಹೊರಡ್ಲಿಲ್ಲ?"

ಉತ್ತರ ಕೊಟ್ಟವರು ಅತ್ತಿಗೆ. "ಪೂಜೆ ಮಧ್ಯ ಎಬ್ಬಿಸ್ತಾರೇನಪ್ಪಾ?"

ವೈದ್ಯರು ಗಡಿಯಾರ ನೋಡಿದರು. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದೊಂದಿದೆ, ಅದಕ್ಕೆ ಕೆಲವೇ ಗಂಟೆಗಳ ಗಡುವಿದೆ, ಆ ಗಡುವು ಮೀರಿಹೋಗಿದೆ ಎಂದು ತಿಳಿಸಿದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ಸ್ಕ್ಯಾನಿಂಗ್ ಕೋಣೆಯ ಹೊರಗೆ ನರ್ಸ್ ಮೈಮೇಲಿನ ಲೋಹವನ್ನೆಲ್ಲ ತೆಗೆಯಲು ಹೇಳಿದರು. ಉಂಗುರ ತೆಗೆದೆ. ಉಡಿದಾರ ಬಿಚ್ಚಿದೆ. ಲಿಂಗವಿರುವ ಬೆಳ್ಳಿಯ ಕರಡಿಗೆಯನ್ನು ಕೊರಳಿನಿಂದ ತೆಗೆಯಲು ಹೋದಾಗ ಅವರ ಎಡಗೈ ಮೇಲೆದ್ದು ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವರು ನನ್ನ ಕೈಯನ್ನು ಅಷ್ಟು ಬಿಗಿಯಾಗಿ ಹಿಡಿದದ್ದು ನೆನಪಿಲ್ಲ. ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು. ಕರಡಿಗೆಯನ್ನು ನನ್ನ ಕೊರಳಿಗೇ ಹಾಕಿಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತೆ. ಆಮೇಲೆ ವಾರ್ಡಿಗೆ ಬಂದ ಮೇಲೂ, ಮತ್ತೆ ಯಾವಾಗ ಸ್ಕ್ಯಾನಿಂಗಿಗೆ ಕರೆಯುತ್ತಾರೋ ಗೊತ್ತಿಲ್ಲ, ಸದ್ಯಕ್ಕೆ ಹಾಕಬೇಡಿ ಎಂದರು. ಯಜಮಾನರ ಎಡಗೈ ಅಂದಿನಿಂದ ಎದೆಯ ಮೇಲೆ ತಡಕಾಡತೊಡಗಿತು. ನಿದ್ದೆಯಲ್ಲೂ ತಡಕುತ್ತಿತ್ತು.

ಎರಡನೆಯ ದಿನ ಬೆಳಿಗ್ಗೆ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಪರಿಸ್ಥಿತಿಯನ್ನು ವಿವರಿಸಿದರು. ಮಿದುಳಿನ ಎಡಭಾಗದ ದೊಡ್ಡ ರಕ್ತನಾಳವೇ ಕಟ್ಟಿಕೊಂಡಿದೆ. ಹೃದಯದ ಬಡಿತ ಹದ ತಪ್ಪಿದೆ, ಹೆಪ್ಪು ಅಲ್ಲಿಂದಲೇ ಹೋಗಿ ಕೂತಿದೆ. "ಈ ಬಡಿತದ ವಿಷಯ ಮೊದ್ಲೇ ಗೊತ್ತಿತ್ತಾ?" ಎಂದು ಕೇಳಿದರು.

ಗೊತ್ತಿತ್ತು. ನಿವೃತ್ತಿಯಾದ ವರ್ಷವೇ ಒಂದು ತಪಾಸಣಾ ಶಿಬಿರದಲ್ಲಿ ಹೇಳಿದ್ದರು. ರಕ್ತ ತೆಳುವಾಗುವ ಮಾತ್ರೆ ಕೊಟ್ಟು, ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಬಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಲು ತಿಳಿಸಿದ್ದರು. ಯಜಮಾನರು ಮೂರು ತಿಂಗಳು ಹೋದರು. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬಂತೆಂದು ನಾಲ್ಕನೆಯ ತಿಂಗಳು ಬಿಟ್ಟರು. "ಲೇತ್ ಮೇಲೆ ಕೂದಲೆಳೆ ವ್ಯತ್ಯಾಸ ಬಂದ್ರೂ ನನ್ ಕಿವೀಗೆ ಗೊತ್ತಾಗುತ್ತೆ, ನನ್ ಎದೆ ಸದ್ದು ನಂಗೇ ಗೊತ್ತಾಗಲ್ವೇನೇ? ಸರಿಯಾಗೇ ಓಡ್ತಿದೆ ಬಿಡು" ಎಂದರು. ನಾನು ನಕ್ಕೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನಾದರೂ ತಪ್ಪದೆ ಕೊಡುತ್ತಿದ್ದೆನೇ ಎಂದರೆ, ಹಬ್ಬದ ದಿನ ಹೋಳಿಗೆಯ ಜೊತೆ ಎರಡು ಮಾತ್ರೆ ಒಟ್ಟಿಗೆ ಕೊಟ್ಟು ಸರಿಹೋಯಿತು ಎಂದುಕೊಂಡವಳು ನಾನು.

ವೈದ್ಯರು ಮುಂದುವರಿಸಿ, ವಯಸ್ಸು ಅರವತ್ತು ದಾಟಿದೆ, ಸಕ್ಕರೆ ಏರಿದೆ, ತಡವಾಗಿ ಬಂದಿದ್ದೀರಿ, ಪೂರ್ತಿ ಎಚ್ಚರವೂ ಇಲ್ಲ ಎಂದರು. "ಇವೆಲ್ಲ ಒಟ್ಟಿಗೆ ಸೇರಿವೆ ಅಮ್ಮಾ. ಮೊದಲ ವಾರ ದಾಟ್ಬೇಕು. ಆಮೇಲೆ ಒಂದು ತಿಂಗಳು ದಾಟ್ಬೇಕು. ಆದ್ರೆ ಈಗ ನಂಗಿರೋ ದೊಡ್ಡ ಭಯ ಬೇರೆ. ಅವರಿಗೆ ನುಂಗೋ ಶಕ್ತಿ ಹೋಗಿದೆ. ಬಾಯಲ್ಲಿ ಏನು ಹಾಕಿದ್ರೂ ಹೊಟ್ಟೆಗೆ ಹೋಗೋ ಬದಲು ಶ್ವಾಸಕೋಶಕ್ಕೆ ಹೋಗ್ಬಹುದು. ಹೋದ್ರೆ ನ್ಯುಮೋನಿಯಾ. ಆಮೇಲೆ ನಮ್ಮ ಕೈಲಿ ಏನೂ ಇರಲ್ಲ."

ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದರು. ಮಂಚದ ತಲೆಯ ಬದಿಗೆ, ಬಾಯಿಯ ಮೂಲಕ ನೀರು ಮತ್ತು ಆಹಾರ ಕೊಡಬಾರದು ಎಂದು ಬರೆದ ಒಂದು ರಟ್ಟನ್ನು ಕಟ್ಟಿದರು. ಅಕ್ಷರಗಳು ದಪ್ಪವಾಗಿದ್ದವು. ನಾನು ಅದನ್ನು ಓದಿದೆ. ಅತ್ತಿಗೆಯೂ ಓದಿದರು. ಇಬ್ಬರೂ ಅದನ್ನು ಪಾಲಿಸಿದೆವು. ಈ ಮಾತನ್ನು ತಾವು ದಯವಿಟ್ಟು ನಂಬಬೇಕಾಗಿ ಕೋರುತ್ತೇನೆ. ಬೇಸಿಗೆಯ ಆರಂಭದ ದಿನಗಳು. ಅವರ ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು. ಆದರೂ ಒದ್ದೆ ಹತ್ತಿಯಿಂದ ಒರೆಸಿದೆನೇ ಹೊರತು ಒಂದು ಗುಟುಕು ನೀರು ಹಾಕಲಿಲ್ಲ.

ಪಕ್ಕದ ಮಂಚದಲ್ಲಿದ್ದವರು ಮಲವಗೊಪ್ಪದ ಕಡೆಯ ಒಬ್ಬ ಆಟೋ ಚಾಲಕರು. ಅವರಿಗೂ ಇದೇ ಕಾಯಿಲೆ, ಇದೇ ಬಲಭಾಗ. ಮೂಗಿಗೆ ನಳಿಕೆ ಅವರಿಗೂ ಇತ್ತು. ಅವರ ಹೆಂಡತಿ ವಾರ್ಡಿಗೆಲ್ಲ ಕೇಳುವಂತೆ ಮಾತನಾಡುವ ಹೆಂಗಸು. "ಮದ್ವೆಯಾಗಿ ಇಪ್ಪತ್ತು ವರ್ಷಕ್ಕೆ ಎದುರು ಮಾತಾಡ್ದೇ ಇರೋ ಗಂಡ ಸಿಕ್ಕಿದಾನೆ ಕಣಕ್ಕ, ನಾನ್ ಸುಮ್ನೆ ಬಿಡ್ತೀನಾ? ಹಳೇದೆಲ್ಲ ತೆಗ್ದು ಬೈತಿದೀನಿ" ಎಂದು ನಗಿಸಿ, ಮರುಕ್ಷಣ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ನಮ್ಮವರೊಂದಿಗೆ ಕೆಲಸ ಮಾಡಿದ್ದ ಗೆಳೆಯರೊಬ್ಬರು ಭದ್ರಾವತಿಯಿಂದ ಬಂದಿದ್ದರು. ಮನೆಮಾತು ತಮಿಳು. ಮಂಚದ ಪಕ್ಕ ನಿಂತು, "ಏನ್ ಸಾಮಿ, ರಿಟೈರ್ ಆದ್ಮೇಲೂ ಸಿಕ್ ಲೀವ್ ಹಾಕ್ತೀಯಾ? ಫೋರ್‌ಮನ್‌ಗೆ ಹೇಳಿಬಿಡ್ತೀನಿ, ಪಾರು, ನೋಡ್ತಿರು" ಎಂದರು. ಯಜಮಾನರ ಮುಖದ ಎಡಭಾಗ ನಕ್ಕಿತು. ನಿಜವಾಗಿಯೂ ನಕ್ಕಿತು. ಹೊರಗೆ ಬಂದ ಮೇಲೆ ಆ ಗೆಳೆಯರು ಗೋಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದರು.

ಇನ್ನು ಮೂರನೆಯ ದಿನದ ವಿಚಾರ. ಇದನ್ನು ಬರೆಯುವುದಕ್ಕಾಗಿಯೇ ಮೇಲಿನದನ್ನೆಲ್ಲ ಬರೆದಿರುತ್ತೇನೆ.

ಅಂದು ಬೆಳಿಗ್ಗೆ ಅತ್ತಿಗೆ ಸ್ನಾನ ಮಾಡಿ, ಮಡಿಯುಟ್ಟು, ಭದ್ರಾವತಿಯಿಂದ ಮೊದಲ ಬಸ್ಸಿಗೆ ಬಂದರು. ಕೈಚೀಲದಲ್ಲಿ ಒಂದು ತಂಬಿಗೆ, ವಿಭೂತಿಯ ಗಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಪತ್ರೆ. ತಮ್ಮನ ಕೈ ಎದೆಯ ಮೇಲೆ ತಡಕಾಡುವುದನ್ನು ನೋಡುತ್ತ ಸ್ವಲ್ಪ ಹೊತ್ತು ಕುಳಿತಿದ್ದರು.

"ಏನು ಹುಡುಕ್ತಿದಾನೆ ಗೊತ್ತಾ ನಿಂಗೆ?"

"ಗೊತ್ತು ಅತ್ತಿಗೆ."

"ಮೂರು ದಿನ ಆಯ್ತು. ಹುಟ್ಟಿದಾಗಿಂದ ಒಂದು ದಿನ ತಪ್ಪಿಲ್ಲ. ಅದಕ್ಕೇ ಕಣೇ ಚೇತರಿಸ್ಕೊಳ್ತಿಲ್ಲ ಅವನು."

ಆ ಕ್ಷಣಕ್ಕೆ ಅದು ವೈದ್ಯರು ಹೇಳಿದ ಎಲ್ಲಾ ಕಾರಣಗಳಿಗಿಂತ ಸರಿಯಾದ ಕಾರಣವೆಂದು ನನಗೂ ತೋರಿತು.

ನನ್ನ ಕೊರಳಿನ ಕರಡಿಗೆಯನ್ನು ತೆಗೆದು ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟೆ. ತಡಕಾಟ ನಿಂತಿತು. ಮೂರು ದಿನದಲ್ಲಿ ಮೊದಲ ಬಾರಿಗೆ ಆ ಕೈ ಸುಮ್ಮನಾಯಿತು. ಎರೆಯಬೇಕಾದ ಬಲಗೈ ಏಳುವಂತಿರಲಿಲ್ಲವಾದ್ದರಿಂದ ನಾನೇ ಆ ಕೈಯನ್ನು ಮೊಣಕೈ ಹಿಡಿದು ಎತ್ತಿ, ಅದರ ಬೆರಳಿನ ನಡುವೆ ಪತ್ರೆಯಿಟ್ಟು, ಲಿಂಗದ ಮೇಲೆ ಏರಿಸಿದೆ. ಅತ್ತಿಗೆ ನೀರೆರೆದರು. ವಿಭೂತಿ ಹಚ್ಚಿದರು. ಯಜಮಾನರ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಕೆಳಗೆ ಬಟ್ಟಲಲ್ಲಿ ಪಾದೋದಕ ಕೂಡಿತು.

"ಅತ್ತಿಗೆ, ಮೂಗಿನ ನಳಿಕೇಲಿ ಬಿಡಾಣ್ವಾ?" ಎಂದು ಕೇಳಿದ್ದು ನಾನೇ.

"ಪಾದೋದಕನ ಮೂಗಲ್ಲಿ ಬಿಡ್ತಾರೇನೇ? ಅಪಚಾರ. ನಾಲಿಗೆ ಮುಟ್ಟಬೇಕು."

ಆ ರಟ್ಟು ನಮ್ಮ ಇಬ್ಬರ ಕಣ್ಣಿನ ಮುಂದೆಯೇ ಇತ್ತು. ನೀರು ಮತ್ತು ಆಹಾರ ಎಂದು ಬರೆದಿತ್ತು. ನನ್ನ ಮನಸ್ಸಿನಲ್ಲಿ ಒಂದು ಅಳುಕು ಕೂಡ ಬರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಕದ್ದುಮುಚ್ಚಿ ಮಾಡಿದ್ದಲ್ಲ. ನರ್ಸ್ ಆ ಕಡೆ ಇನ್ನೊಬ್ಬರಿಗೆ ಡ್ರಿಪ್ ಬದಲಿಸುತ್ತಿದ್ದರು, ತಿರುಗಿ ನೋಡಿದ್ದರೆ ಕಾಣುತ್ತಿತ್ತು. ಚಮಚ ನನ್ನ ಕೈಯಲ್ಲಿತ್ತು. ಮೂರು ಸಲ ತೆಗೆದುಕೊಳ್ಳುವುದು ಅವರ ವಾಡಿಕೆ. ಮೂರು ಚಮಚ ಹಾಕಿದೆ. ಮೊದಲನೆಯದು ತುಟಿಯ ಬಲಬದಿಯಿಂದ ಹೊರಗೆ ಹರಿಯಿತು. ಎರಡನೆಯದು ಒಳಗೆ ಹೋಯಿತು. ಮೂರನೆಯದಕ್ಕೆ ಅವರು ಕೆಮ್ಮಿದರು. ಜೋರಾಗಿಯಲ್ಲ, ಗಂಟಲಲ್ಲಿ ಏನೋ ಕುದಿದಂತಹ ಒಂದು ಸಣ್ಣ ಕೆಮ್ಮು. ಅತ್ತಿಗೆ ಎದೆ ಸವರಿ, "ತಗೊಂಡ ನೋಡೇ, ತಗೊಂಡ. ನನ್ ರಾಜ" ಎಂದರು.

ಅಂದು ಮಧ್ಯಾಹ್ನ ಹೊಳೆಹೊನ್ನೂರಿನಿಂದ ನಮ್ಮ ಮಗಳು ಬಂದಿದ್ದಳು. ಅಲ್ಲಿಗೆ ಕೊಟ್ಟಿದ್ದೇವೆ, ಅಲ್ಲಿಯೇ ಅಂಗನವಾಡಿಯಲ್ಲಿ ಕೆಲಸ. "ಅಪ್ಪ ಇವತ್ತು ಎಷ್ಟು ಶಾಂತವಾಗಿ ಮಲಗಿದ್ದಾರಲ್ಲಮ್ಮಾ" ಎಂದಳು. ನಾವು ಮೂವರೂ ಸಂತೋಷಪಟ್ಟೆವು. ಈ ಒಂಬತ್ತು ದಿನಗಳಲ್ಲಿ ನಾವು ಸಂತೋಷವಾಗಿದ್ದುದು ಆ ಮಧ್ಯಾಹ್ನ ಮಾತ್ರ.

ನಾಲ್ಕನೆಯ ದಿನ ಸಂಜೆಗೆ ಮೈ ಬಿಸಿಯಾಯಿತು. ಐದನೆಯ ದಿನ ಉಸಿರಿನಲ್ಲಿ ಗೊರಗೊರ ಸದ್ದು ಕೇಳತೊಡಗಿತು. ಎದೆಯ ಎಕ್ಸ್‌ರೇ ತೆಗೆದರು. ವೈದ್ಯರು ಬಂದು ನಮ್ಮಿಬ್ಬರನ್ನೂ ಕೇಳಿದರು.

"ಬಾಯಿಗೆ ಏನಾದ್ರೂ ಕೊಟ್ರಾ?"

"ಒಂದ್ ಹನಿ ನೀರೂ ಕೊಟ್ಟಿಲ್ಲಪ್ಪಾ" ಎಂದರು ಅತ್ತಿಗೆ.

"ನೀವು ಅಮ್ಮಾ?"

"ಇಲ್ಲ ಸರ್. ಬೋರ್ಡ್ ಹಾಕಿದೀರಲ್ಲ. ತುಟಿ ಮಾತ್ರ ಒರೆಸಿದೀನಿ."

ನಾನು ಸುಳ್ಳು ಹೇಳಿದೆನೆಂದು ಆಗ ನನಗೆ ಗೊತ್ತಿರಲಿಲ್ಲ. ಓದುಗರು ಇದನ್ನು ನಂಬಲಾರರೇನೋ. ಎಷ್ಟೋ ಸಲ ನನಗೇ ನಂಬಿಕೆ ಬರುವುದಿಲ್ಲ. ಆದರೆ ಪಾದೋದಕವೂ ನೀರು ಎಂಬ ಸಂಗತಿ ಆವತ್ತಿನವರೆಗೆ, ಐವತ್ತೈದು ವರ್ಷದ ನನ್ನ ಬಾಳಿನಲ್ಲಿ, ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಪಕ್ಕದ ಮಂಚದ ಆಟೋ ಚಾಲಕರಿಗೆ ನುಂಗುವ ಪರೀಕ್ಷೆ ನಡೆಯಿತು. ನರ್ಸ್ ಅವರನ್ನು ದಿಂಬಿಗೆ ಒರಗಿಸಿ ನೆಟ್ಟಗೆ ಕೂರಿಸಿ, ಗಲ್ಲವನ್ನು ಸ್ವಲ್ಪ ತಗ್ಗಿಸಿ, ಒಂದು ಚಮಚ ನೀರು ಹಾಕಿ ಗಂಟಲ ಮೇಲೆ ಬೆರಳಿಟ್ಟು ಕಾದರು. ಮತ್ತೊಂದು ಚಮಚ. ಅವರು ಕೆಮ್ಮಿದರು. ಅದೇ ಕೆಮ್ಮು. ಗಂಟಲಲ್ಲಿ ಏನೋ ಕುದಿದಂತೆ.

ನರ್ಸ್ ತಕ್ಷಣ ಚಮಚ ಕೆಳಗಿಟ್ಟು, "ಇಲ್ಲ, ಇವತ್ತಿಗೆ ಸಾಕು. ನಾಳೆ ನೋಡೋಣ" ಎಂದರು.

"ಯಾಕ್ ಸಿಸ್ಟರ್? ಒಂದೆರಡು ಚಮಚ ನೀರಲ್ವಾ?" ಎಂದರು ಆ ಹೆಂಗಸು.

"ಒಂದೆರಡು ಚಮಚ ಸಾಕಮ್ಮಾ, ಒಳಗೆ ಹೋದ್ರೆ. ಮಲಗಿಸಿಕೊಂಡು ಹಾಕಿದ್ರಂತೂ ಕೇಳೋದೇ ಬೇಡ."

ನಾನು ಯಜಮಾನರನ್ನು ಮಲಗಿಸಿಯೇ ಹಾಕಿದ್ದೆ.

ಆಗ ನನಗೆ ತಿಳಿಯಿತು. ಮಂಚದ ಕಂಬಿ ಹಿಡಿದುಕೊಂಡೆ. ಪಕ್ಕದ ಹೆಂಗಸು, "ಏನಕ್ಕ, ತಲೆ ಸುತ್ತು ಬಂತಾ? ಬೆಳಿಗ್ಗೆ ಏನಾದ್ರೂ ತಿಂದ್ಯಾ?" ಎಂದು ಕೇಳಿದರು. ಏನೂ ಇಲ್ಲ ಎಂದೆ.

ವೈದ್ಯರು ಸುತ್ತು ಮುಗಿಸಿ ಹೊರಡುವವರೆಗೆ ಕಾದಿದ್ದು, ಮೆಟ್ಟಿಲ ಬಳಿ ಅವರನ್ನು ನಿಲ್ಲಿಸಿ, ನಡೆದದ್ದನ್ನು ಆದಿಯಿಂದ ಹೇಳಿದೆ. ಎಷ್ಟು ಚಮಚ, ಯಾವ ದಿನ, ಎಷ್ಟು ಹೊತ್ತಿಗೆ, ಹೇಗೆ ಮಲಗಿದ್ದರು, ಹೇಗೆ ಕೆಮ್ಮಿದರು, ಒಂದನ್ನೂ ಬಿಡಲಿಲ್ಲ. ಅವರು ಕೇಳಿಸಿಕೊಂಡರು. ನೆತ್ತಿಯ ಮೇಲೆ ಕೈಯಿಟ್ಟುಕೊಂಡರು.

"ಅದರಿಂದಲೇ ಆಯ್ತಾ ಸರ್?"

"ಹೇಳಕ್ಕಾಗಲ್ಲ ಅಮ್ಮಾ. ಇಂಥವರಿಗೆ ಅವರ ಎಂಜಲೇ ಒಳಗೆ ಹೋಗಿ ಹೀಗಾಗುತ್ತೆ. ನಳಿಕೆ ಇದ್ರೂ ಆಗುತ್ತೆ. ದೊಡ್ಡ ಸ್ಟ್ರೋಕು, ಹಾರ್ಟ್ ಸರಿಯಿಲ್ಲ, ಶುಗರ್ ಇದೆ. ನೀವು ಏನೂ ಕೊಡದೇ ಇದ್ರೂ ಬರ್ತಿತ್ತೇನೋ."

"ಬರ್ತಿರ್ಲಿಲ್ವೇನೋ?"

ಅವರು ನನ್ನ ಮುಖ ನೋಡಿದರು. "ಬರ್ತಿರ್ಲಿಲ್ವೇನೋ" ಎಂದರು. ಸುಳ್ಳು ಹೇಳುವ ವಯಸ್ಸು ಅವರದಾಗಿರಲಿಲ್ಲ. ಅನಂತರ, ಆ್ಯಂಟಿಬಯೋಟಿಕ್ ಬದಲಿಸುತ್ತೇನೆ ಎಂದು ಹೇಳಿ ಇಳಿದು ಹೋದರು.

ಏಳನೆಯ ದಿನ ಐಸಿಯುಗೆ ಒಯ್ದರು. ಮೊದಲ ವಾರ ದಾಟಿತು ಎಂದು ಅತ್ತಿಗೆ ಬೆರಳು ಮಡಚಿ ಎಣಿಸಿ ಮಗಳಿಗೆ ಫೋನಿನಲ್ಲಿ ಹೇಳಿದರು. ಎಂಟನೆಯ ದಿನ ಆಟೋ ಚಾಲಕರು ನಳಿಕೆ ತೆಗೆಸಿಕೊಂಡು, ಗಂಜಿ ಕುಡಿದು, ಹೆಂಡತಿಗೆ ಒಂದು ಬೈಗುಳ ಬೈದರಂತೆ. ಆ ಹೆಂಗಸು ಐಸಿಯು ಬಾಗಿಲವರೆಗೆ ಬಂದು ನನಗೆ ಹೇಳಿದರು. "ಮೊದ್ಲ ಮಾತೇ ಬೈಗುಳ ಕಣಕ್ಕ, ಇನ್ನು ನನ್ ಗತಿ ಮುಗೀತು" ಎಂದು ನಕ್ಕು, ನಾನು ನಗದಿದ್ದುದನ್ನು ಕಂಡು ನನ್ನ ಕೈ ಹಿಡಿದುಕೊಂಡು ನಿಂತರು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ಅದನ್ನೂ ಇಲ್ಲಿ ನಮೂದಿಸಬೇಕು.

ಒಂಬತ್ತನೆಯ ದಿನ ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಯಜಮಾನರು ಲಿಂಗೈಕ್ಯರಾದರು. ನಾನು ಆಗ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಐಸಿಯುನವರು ಬರೆದುಕೊಟ್ಟ ಚೀಟಿಯ ಔಷಧಿ ಕೊಂಡು ಮೇಲೆ ಬಂದಾಗ ಅದನ್ನು ಯಾರೂ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ.

ಭದ್ರಾವತಿಯಲ್ಲಿ ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದೆವು. ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ನನ್ನ ಕೊರಳಿನಲ್ಲಿ ಆ ಕರಡಿಗೆಯ ದಾರ ತಿಕ್ಕಿದ ಗೆರೆಯೊಂದು ಕೆಲವು ದಿನ ಇದ್ದು ಮಾಯವಾಯಿತು.

ಆಸ್ಪತ್ರೆಯಿಂದ ಕೊಟ್ಟ ಮರಣದ ಕಾರಣದ ನಮೂನೆಯನ್ನು ನಾನು ಬಹಳ ಸಲ ಓದಿದ್ದೇನೆ. ನಮೂನೆಗಳನ್ನು ಓದುವುದು ನನಗೆ ಅಭ್ಯಾಸವಿರುವ ಕೆಲಸ. ಅದರಲ್ಲಿ ತಕ್ಷಣದ ಕಾರಣಕ್ಕೆ ಒಂದು ಸಾಲು, ಅದಕ್ಕೆ ದಾರಿ ಮಾಡಿದ ಕಾರಣಕ್ಕೆ ಒಂದು ಸಾಲು, ಇತರೆ ಕಾಯಿಲೆಗಳಿಗೆ ಕೆಳಗೆ ಇನ್ನೊಂದು ಸಾಲು ಇರುತ್ತದೆ. ಶ್ವಾಸಕೋಶದ ಸೋಂಕು, ಮಿದುಳಿನ ರಕ್ತನಾಳದ ಹೆಪ್ಪು, ಹೃದಯದ ಬಡಿತದ ದೋಷ, ಮಧುಮೇಹ ಎಂದು ಕ್ರಮವಾಗಿ ಬರೆದಿದ್ದಾರೆ. ಎಲ್ಲವೂ ಸರಿಯಾಗಿದೆ. ಬಿಟ್ಟ ಮಾತ್ರೆಗೆ, ಬಾಗಿಲಲ್ಲಿ ನಿಂತ ಅರ್ಧ ಗಂಟೆಗೆ, ಚಮಚಕ್ಕೆ ಅಲ್ಲಿ ಸಾಲುಗಳಿಲ್ಲ. ಇದ್ದಿದ್ದರೆ ಯಾವುದರ ಮುಂದೆ ಯಾವುದನ್ನು ಬರೆಯಬೇಕೆಂದು ನನಗೂ ಗೊತ್ತಾಗುತ್ತಿರಲಿಲ್ಲ. ವೈದ್ಯರಿಗೇ ಗೊತ್ತಾಗಲಿಲ್ಲ. ಇದು ಎಂದಿಗೂ ಗೊತ್ತಾಗುವುದಿಲ್ಲ ಎಂಬುದೊಂದು ಮಾತ್ರ ನನಗೆ ಖಚಿತವಾಗಿದೆ. ಗೊತ್ತಾಗದಿರುವುದರಿಂದ ಸಮಾಧಾನವೂ ಆಗುವುದಿಲ್ಲ, ಶಿಕ್ಷೆಯೂ ಆಗುವುದಿಲ್ಲ.

ಮಗಳಿಗೆ ಹೇಳಿದ್ದೇನೆ. ಅವಳು ಎರಡು ತಿಂಗಳು ನನ್ನ ಜೊತೆ ಮಾತನಾಡಲಿಲ್ಲ. ಈಗ ಮಾತನಾಡುತ್ತಾಳೆ, ಊಟವಾಯಿತೇ ಎಂದು ಕೇಳುತ್ತಾಳೆ, ಫೋನ್ ಇಡುತ್ತಾಳೆ.

ಅತ್ತಿಗೆಗೆ ಹೇಳಿಲ್ಲ. ಅವರು ಈಗ ನನ್ನೊಂದಿಗೇ ಇದ್ದಾರೆ. ಮನೆಗೆ ಬಂದವರೆಲ್ಲರಿಗೂ ಅವರು ಒಂದೇ ಮಾತು ಹೇಳುತ್ತಾರೆ. "ನನ್ ತಮ್ಮ ಪಾದೋದಕ ತಗೊಂಡೇ ಹೋದ ಕಣ್ರೀ. ಮೂರು ಚಮಚ. ಇವಳೇ ಕೈಯಾರೆ ಹಾಕಿದ್ಲು. ಎಷ್ಟು ಜನಕ್ಕೆ ಆ ಪುಣ್ಯ ಸಿಗುತ್ತೆ ಹೇಳಿ?" ಬಂದವರು ನನ್ನ ಕಡೆ ನೋಡಿ, "ನೀವು ಪುಣ್ಯವಂತರು ಕಣಮ್ಮಾ" ಎನ್ನುತ್ತಾರೆ. ನಾನು ಹೌದೆಂದು ತಲೆಯಾಡಿಸಿ ಕಾಫಿ ತರಲು ಒಳಗೆ ಹೋಗುತ್ತೇನೆ. ಅವರಿಗೆ ಉಳಿದಿರುವುದು ಅದೊಂದೇ. ಅದನ್ನು ಕಿತ್ತುಕೊಂಡರೆ ಅವರೂ ಬಾಗಿಲಲ್ಲಿ ನಿಂತ ಆ ಅರ್ಧ ಗಂಟೆಯನ್ನೂ ಬಿಸಿ ಎಣ್ಣೆಯನ್ನೂ ಎಣಿಸಲು ಕೂರುತ್ತಾರೆ. ಈ ಮನೆಯಲ್ಲಿ ಹಾಗೆ ಎಣಿಸುವವಳು ನಾನೊಬ್ಬಳೇ ಸಾಕು. ಅತ್ತಿಗೆಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ. ಆದ್ದರಿಂದ ಈ ಬರಹದಲ್ಲಿ ಯಾರ ಹೆಸರನ್ನೂ ಬರೆದಿಲ್ಲ.

ಪ್ರತಿದಿನ ಬೆಳಿಗ್ಗೆ ಅತ್ತಿಗೆ ತಮ್ಮ ಪೂಜೆ ಮುಗಿಸಿ ನನ್ನ ಅಂಗೈಗೆ ಪಾದೋದಕ ಹಾಕುತ್ತಾರೆ. ಈಗ ಅದು ನನಗೆ ನೀರಾಗಿಯೇ ಕಾಣುತ್ತದೆ. ಅವರು ನೋಡುತ್ತಿರುತ್ತಾರಾದ್ದರಿಂದ ನುಂಗುತ್ತೇನೆ. ಸಲೀಸಾಗಿ ಇಳಿಯುತ್ತದೆ.

ಇದನ್ನು ಓದುವವರ ಮನೆಯಲ್ಲಿಯೂ ಇಂತಹ ರೋಗಿ ಇರಬಹುದು, ಮಂಚಕ್ಕೆ ಇಂತಹ ರಟ್ಟು ಕಟ್ಟಿರಬಹುದು. ಅಂತಹವರು ವೈದ್ಯರ ಮಾತನ್ನು ನನ್ನ ಬರಹದಿಂದ ತಿಳಿಯುವಂತಾದರೆ ಅದು ತಪ್ಪಾಗಿರಬಾರದು. ಕಾಯಿಲೆಯ ಸಂಗತಿಗಳನ್ನು ನಾನು ತಿಳಿದಷ್ಟು, ನೆನಪಿದ್ದಷ್ಟು ಬರೆದಿದ್ದೇನೆ. ಅವುಗಳಲ್ಲಾಗಲಿ, ಕಾಗುಣಿತದಲ್ಲಾಗಲಿ, ವಾಕ್ಯಗಳ ಜೋಡಣೆಯಲ್ಲಾಗಲಿ ಯಾವುದೇ ತಪ್ಪುಗಳು ಕಂಡುಬಂದಲ್ಲಿ, ದಯಮಾಡಿ ತಾವೇ ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿಸುತ್ತೇನೆ.